ಕೆಳಗಿನ ಚಿತ್ರ

ಬಾದ್ರಿ, ಮೊದಲು ಆ ಬಳೆಯನ್ನು ಕಟ್ಟಿಹಾಕು.
ಕ್ಯಾಮೆರಾ ತಾನೇ ಹುಡುಕಿಕೊಳ್ಳಲಿ ಎಂದು ಬಿಟ್ಟರೆ
ಒಮ್ಮೆ ಕಿಟಕಿಗೆ ಮನಸೋಲುತ್ತದೆ, ಒಮ್ಮೆ ಬಲ್ಬಿಗೆ.
ನಾಲ್ಕು ಚಿತ್ರಕ್ಕೆ ನಾಲ್ಕು ಮನಸ್ಸು,
ಆಮೇಲೆ ರಾತ್ರಿಯಿಡೀ ಹೊಲಿಯುತ್ತ ಕೂರುವವಳು ನಾನು.

ಮಲಗಿದ ಎಂಟಿನಂಥ ಆ ಗುರುತನ್ನು ನಂಬಬೇಡ.
ಈ ಮೀನುಗಣ್ಣಿನಲ್ಲಿ ಅನಂತ ಅಲ್ಲಿಲ್ಲ,
ಅಕ್ಕಿಕಾಳಿನಷ್ಟು ಈಚೆಗಿದೆ.
ನಮಗೆ ಅದೂ ಬೇಡ.
ಒಂದೂವರೆ ಮೊಳಕ್ಕೆ ನಿಲ್ಲಿಸು. ಎಫ್ ಎಂಟು.
ಸಾಕು. ಒಲೆಯ ಕೊಳವೆ, ಬಾಗಿಲ ಹಿಂದಿನ ಮೊಳೆ,
ಗಾಜಿನಾಚೆಯ ಪೈನ್ ಮರ, ಅದರಾಚೆಯ ಗುಡ್ಡ,
ಎಲ್ಲಕ್ಕೂ ಒಂದೇ ಚೂಪು, ಪಂಕ್ತಿಭೇದವಿಲ್ಲ.
ಈಗ ಬಳೆಗೆ ಟೇಪು ಸುತ್ತು. ಇನ್ನೊಂದು ಸುತ್ತು.

ಬಿಳಿ ಯಾವುದೆಂದೂ ನಾವೇ ಹೇಳಿಕೊಡಬೇಕು,
ಇಲ್ಲವಾದರೆ ಒಂದೇ ಗೋಡೆ
ಇಲ್ಲಿ ನೀಲಿ, ಅಲ್ಲಿಗೆ ಹೋಗುವಷ್ಟರಲ್ಲಿ ಹಳದಿ.
ಬೆಳಕನ್ನು ಒಮ್ಮೆ ಅಳೆ, ಬರೆದುಕೋ, ಮತ್ತೆ ಮುಟ್ಟಬೇಡ.
ಕಂಬಿ ನೋಡು: ತಲೆ ತಿರುಗಿಸಿದಾಗ
ಹತ್ತಿರದ ಕಂಬಿ ದೂರದ ದೀಪದ ಕಂಬವನ್ನು ದಾಟಬಾರದು.
ದಾಟಿತೇ? ಹಳಿಯ ಮೇಲೆ ಕೂದಲೆಳೆಯಷ್ಟು ಹಿಂದಕ್ಕೆ ತಳ್ಳು.
ಹಾಂ. ನಿಂತಿತು.

ಲಾಮಾರಾ ಬಾಗಿಲಲ್ಲೇ ನಿಂತಿದ್ದಾರೆ, ಬೀಗದ ಕೈ ಹಿಡಿದು.
ತ್ಸ್ಖಾಲ್ತುಬೊದ ಈ ಹಳೆಯ ಆರೋಗ್ಯಧಾಮಕ್ಕೆ
ಹದಿನೈದು ದಿನದ ಮಟ್ಟಿಗೆ ಎಂದು ಸುಖುಮಿಯಿಂದ ಬಂದವರು,
ಇಪ್ಪತ್ತೊಂಬತ್ತು ವರ್ಷ ಕಳೆದವು.
ನಿನ್ನೆ ಲಾರಿ ಮಂಚವನ್ನು ಒಯ್ದಿತು.
ಹೊಸ ಫ್ಲ್ಯಾಟು ಕುತೈಸಿಯಲ್ಲಿ, ಐದನೇ ಮಹಡಿ, ಲಿಫ್ಟು ಇದೆಯಂತೆ.
ಖಾಲಿ ಕೋಣೆಯ ಚಿತ್ರ ಯಾಕೆ ಎಂದು ಬಾದ್ರಿ ಕೇಳಿದ.
ಅವರು ಬೀಗದ ಕೈ ಒರೆಸಿಕೊಂಡರು, ಅಷ್ಟೇ.

ಈ ಕಣ್ಣಿನ ಅಗಲ ನೂರಾ ಎಂಬತ್ತು ಡಿಗ್ರಿ.
ಪಕ್ಕದಲ್ಲಿದ್ದೇನೆ ಎಂದುಕೊಂಡವನ
ಬೂಟಿನ ತುದಿಯೂ ಬೀಳುತ್ತದೆ.
ಹಾಗಾಗಿ ಎಲ್ಲರೂ ಅದರ ಬೆನ್ನಿಗೇ ಇರಬೇಕು,
ಅದು ತಿರುಗಿದಂತೆ ತಿರುಗಬೇಕು.
ನಾನು, ಬಾದ್ರಿ, ಲಾಮಾರಾ,
ಮೂರು ಕಾಲಿನ ದೇವರಿಗೆ ಪ್ರದಕ್ಷಿಣೆ ಬಂದೆವು,
ಉಸಿರು ಬಿಗಿಹಿಡಿದು, ನಗು ತಡೆದು.
ಒಂದು. ಎರಡು. ಮೂರು.
ನಾಲ್ಕಕ್ಕೆ ನೋಡಿದರೆ ಅವರು ನಮ್ಮ ಜೊತೆಗಿಲ್ಲ.
ಕಿಟಕಿಯ ಕೆಳಗೆ, ಮಂಚವಿದ್ದಲ್ಲಿ,
ನೆಲದ ಮೇಲೆ ಕೂತುಬಿಟ್ಟಿದ್ದರು.
ನಾನು ಒತ್ತಿದೆ.

ರಾತ್ರಿ ಹೊಲಿಗೆ.
ಮೂರನೆಯದರ ಅಂಚು, ನಾಲ್ಕನೆಯದರ ಅಂಚು
ಅವರ ಮೈಮೇಲೆಯೇ ಕೂಡುತ್ತವೆ:
ಒಂದರಲ್ಲಿ ಅವರಿಲ್ಲ, ಒಂದರಲ್ಲಿ ಇದ್ದಾರೆ.
ಯಂತ್ರಕ್ಕೆ ಬಿಟ್ಟರೆ ಎಡಭುಜ ಗೋಡೆಯಲ್ಲಿ ಕರಗಿತು.
ಒಂದು ಭುಜವನ್ನು ಉಳಿಸಲು
ನಾನು ಎರಡು ಗಂಟೆ ಕುಂಚ ಹಿಡಿದೆ.

ಕೊನೆಗೆ ಕೆಳಗಿನ ಚಿತ್ರ:
ಮೂರು ಕಾಲನ್ನೂ ನಮ್ಮ ನೆರಳನ್ನೂ ಅಳಿಸಿ
ನೆಲಕ್ಕೆ ನೆಲವನ್ನೇ ತೇಪೆ ಹಾಕುವ ಕೆಲಸ.
ಬಾದ್ರಿ ಚುರುಕು, ಮುಲಾಜಿಲ್ಲದೆ ಒರೆಸುತ್ತ ಹೋದ.
ಹೋಗುತ್ತ ಹೋಗುತ್ತ ಕಿಟಕಿಯ ಬಳಿಯ ನಾಲ್ಕು ಕುಳಿಗಳನ್ನೂ.
ಅಯ್ಯೋ, ಅವು ನಮ್ಮವಲ್ಲವೋ, ಎಂದೆ.
ಅವು ಮಂಚದ ಕಾಲು. ಹಿಂದಕ್ಕೆ ಹೋಗು.
ಅವನು ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋದ,
ಕುಳಿಗಳು ಒಂದೊಂದಾಗಿ ಮರಳಿದವು.

ಮಾರ್ಚಿಯಲ್ಲಿ ಫೋನು ಬಂತು, ಐದನೇ ಮಹಡಿಯಿಂದ.
ಮೊಮ್ಮಗಳು ತಿರುಗಿಸುವುದನ್ನು ಕಲಿಸಿದ್ದಾಳಂತೆ.
ಛಾವಣಿಯ ಕಲೆ ಕಂಡಿತಂತೆ, ಒಲೆ ಕಂಡಿತಂತೆ,
ಅಲ್ಲಿ ಮುದುಕಿಯೊಬ್ಬಳು ಕೂತಿದ್ದಾಳೆ, ಯಾರಿಗೆ ಕಾಯುತ್ತಾಳೋ ಎಂದು ನಕ್ಕರು.
ಆಮೇಲೆ:
ಕೆಳಗೆ ನೋಡಿದೆ ಮಗಳೇ, ಎಲ್ಲ ಕಡೆ ನೋಡಿದೆ.
ನೀನು ಎಲ್ಲಿ ನಿಂತಿದ್ದೆ?

ಲೆನ್ಸು ಮೇಜಿನ ಮೇಲಿತ್ತು.
ಟೇಪು ಕಿತ್ತಿರಲಿಲ್ಲ.
ಒಂದೂವರೆ ಮೊಳದಲ್ಲಿ, ಲಾಮಾರಾ,
ಅಂದೆ, ಅವರಿಗೆ ಅರ್ಥವಾಗಲಿಲ್ಲ.