ಖಾಲಿ ಬಿಟ್ಟ ಸಾಲು

ದಿನಾ ಬೆಳಿಗ್ಗೆ ಒಂಬತ್ತಕ್ಕೆ ರಬ್ಬರ್ ಬೂಟು ಮೆಟ್ಟಿ
ಕುರಿದೊಡ್ಡಿಯ ಹಿಂದಿನ ತಾಮ್ರದ ಡಬ್ಬಿಯಿಂದ ಆಲಿಕೆ ತೆಗೆದು
ರಾತ್ರಿ ಬಿದ್ದದ್ದನ್ನು ಗಾಜಿನ ನಳಿಗೆಗೆ ಬಗ್ಗಿಸುತ್ತೇನೆ.
ಅಪ್ಪ ಫೆಸ್ಟಸ್ ಗಿಂಟಿ ಮೂವತ್ತೊಂದು ವರ್ಷ ಮಾಡಿದ ಕೆಲಸ;
ಆಮೇಲೆ ನಾನು, ಅಟ್ರಾಕ್ಟಾ, ಇಪ್ಪತ್ತಾರು.
ಸಂಬಳ ಎನ್ನುವಂಥದ್ದೇನಿಲ್ಲ.
ಕ್ರಿಸ್ಮಸ್ಸಿಗೆ ಇಲಾಖೆಯಿಂದ ಒಂದು ಕ್ಯಾಲೆಂಡರು ಬರುತ್ತದೆ,
ಅದರಲ್ಲಿ ಯಾವಾಗಲೂ ಬಿಸಿಲಿನ ಚಿತ್ರ.

ಬೆಟ್ಟದ ಹೆಸರು ಮ್ವೀಲ್ ಲಿಯಾ.
ನಮ್ಮ ಹಳೆಯ ಮಾತಿನಲ್ಲಿ ಬೋಳ, ಬೂದ, ಅಷ್ಟೇ;
ಊರಿನ ಮುದುಕನೊಬ್ಬನನ್ನು ಬೆನ್ನ ಹಿಂದೆ ಕರೆದ ಹಾಗೆ.
ನೆತ್ತಿಯ ತುಂಬ ಒಡೆದ ಬೆಣಚುಕಲ್ಲು.
ಮಳೆ ನಿಂತ ಮರುಗಳಿಗೆ ಬಿಸಿಲು ಬಿದ್ದರೆ
ಹಿಮವೆಂದುಕೊಂಡು ಪರವೂರಿನವರು ಫೋಟೋ ತೆಗೆಯುತ್ತಾರೆ.
ನಾವು ಸುಮ್ಮನಿರುತ್ತೇವೆ.

ಹಿಮ ಇದ್ದದ್ದೂ ನಿಜ, ಬಹಳ ಹಿಂದೆ.
ಉತ್ತರದ ಮಗ್ಗುಲನ್ನು ಗೋರಿ ಗೋರಿ
ಬೋಗುಣಿ ಮಾಡಿಟ್ಟು, ಕರಗಿ ಅದರಲ್ಲೇ ಕೂತಿತು.
ಆ ಕರಿಕೊಳದ ತಳದಲ್ಲಿ ಈಗಲೂ ಚಾರ್ ಮೀನು:
ಹೊಟ್ಟೆ ಕೆಂಡ, ಬೆನ್ನು ಇದ್ದಿಲು.
ಕಡಲಿಗೆ ಹೋಗುವ ದಾರಿ ಮುಚ್ಚಿದೆಯೆಂದು
ಇನ್ನೂ ಯಾರೂ ಅದಕ್ಕೆ ಹೇಳಿಲ್ಲ.

ಪುಸ್ತಕದಲ್ಲಿ ಅಂಕಿ ಮಾತ್ರ ಬರೆಯಬೇಕು, ನಿಯಮ.
ಅಪ್ಪ ಅಂಚಿನಲ್ಲಿ ಪೆನ್ಸಿಲು ಆಡಿಸುತ್ತಿದ್ದ.
೪.೨. ಕಾಡುಕಾಗೆ ಕುರಿಯುಣ್ಣೆ ಕಚ್ಚಿಕೊಂಡು ಬಂಡೆಗೆ ಹೋಯಿತು.
೧೧.೦. ಜವುಗುಹತ್ತಿ ಅರಳಿದೆ, ಅಲ್ಲಿ ಕಾಲಿಡಬೇಡಿ.
೭.೫. ಮೊಲ ಈ ಚಳಿಗೂ ಕಂದಾಗಿಯೇ ಇದೆ, ಹಟಮಾರಿ.
೦.೦. ಇದು ತಪ್ಪಿರಬೇಕು.

ನೆತ್ತಿಯ ಕೆಳಗೆ ಎಲ್ಲ ಜವುಗು.
ನೀರೇ ಎದ್ದು ನಿಂತು ಪಾಚಿ ಹೊದ್ದಂತೆ.
ಇಲ್ಲಿ ಹೆಜ್ಜೆಯಿಟ್ಟರೆ ಅಲ್ಲಿ, ಹತ್ತು ಮಾರು ಆಚೆ, ನಡುಕ.
ಬೆರಳುಗುರಿನಷ್ಟು ಕೆಂಪು ಗಿಡವೊಂದು
ಅಂಟಿನ ಹನಿ ಹಿಡಿದು ನೊಣಕ್ಕೆ ಕಾಯುತ್ತದೆ,
ಮಣ್ಣಿನಲ್ಲಿ ತಿನ್ನಲು ಏನೂ ಇಲ್ಲವಲ್ಲ.
ಈ ಕರಿಮಣ್ಣು ಬೆಳೆಯುವುದು ವರ್ಷಕ್ಕೊಂದು ಮಿಲಿಮೀಟರು.
ಅಪ್ಪನ ಸಲಿಕೆ ಒಂದೇ ಏಟಿಗೆ
ಮುನ್ನೂರು ವರ್ಷ ಕೊಯ್ದು ಒಣಗಲು ಇಡುತ್ತಿತ್ತು;
ಸಂಜೆ ನಾವು ಅದರ ಮುಂದೆ ಕಾಲು ಕಾಯಿಸುತ್ತಿದ್ದೆವು.

ಆ ಬೇಸಿಗೆ ಒಣಗಿತ್ತು. ಜವುಗು ಬಿರಿದು
ಬಿರುಕಿನೊಳಗೆ ನನ್ನ ಕೈ ಮೊಣಕೈವರೆಗೂ ಹೋಗುತ್ತಿತ್ತು.
ಸೆಪ್ಟೆಂಬರಿನ ಒಂದು ಶುಕ್ರವಾರ, ಕತ್ತಲಾದ ಮೇಲೆ,
ಅಟ್ಲಾಂಟಿಕ್ ನೇರ ಬಂದು ಬೆಟ್ಟಕ್ಕೆ ಹಾಯಿತು.
ಆ ಸದ್ದು ಮಳೆಯದಲ್ಲವೆಂದು ತಿಳಿಯಲು ತಡವಾಯಿತು ನನಗೆ.
ಯಾರೋ ಭಾರದ ಕಂಬಳಿ ಎಳೆದುಕೊಂಡು
ಮಗ್ಗುಲು ಬದಲಿಸಿದಂತೆ, ಒಂದು ಸಲ, ಉದ್ದಕ್ಕೆ.
ಬೆಳಗಾದಾಗ ಪಡುವಣ ಇಳಿಜಾರು
ಕೋಲ್ಮನ್ ಹೆವೆರಿನ್‌ನ ಹುಲ್ಲುಗಾವಲು ದಾಟಿ, ರಸ್ತೆ ದಾಟಿ,
ಅವನ ಟ್ರ್ಯಾಕ್ಟರಿನ ಸೀಟಿನವರೆಗೂ ಬಂದು ನಿಂತಿತ್ತು.
ಹದಿನೇಳು ಕುರಿ. ಪುಣ್ಯಕ್ಕೆ ಮನುಷ್ಯರು ಯಾರೂ ಇಲ್ಲ.
"ಬೆಟ್ಟವೇ ಮನೆಗೆ ಬಂತು, ಚಹಾ ಕೊಡಬೇಕಿತ್ತು," ಎಂದ ಕೋಲ್ಮನ್.
ಆಮೇಲೆ ಟೋಪಿ ತೆಗೆದು
ಅದರೊಳಗೆ ಬಹಳ ಹೊತ್ತು ನೋಡುತ್ತ ನಿಂತ.

ನನ್ನ ಡಬ್ಬಿ ತುಂಬಿ ಹೊರಚೆಲ್ಲಿತ್ತು.
ಎಷ್ಟು ಚೆಲ್ಲಿತೆಂದು ಯಾರನ್ನು ಕೇಳಲಿ?
ಇಲಾಖೆಯ ಹುಡುಗ ಎರಡು ಸಲ ಫೋನ್ ಮಾಡಿದ:
"ಅಂದಾಜು ಬರೆದುಬಿಡಿ, ಮೇಡಂ."
ಅಂದಾಜು ಅಪ್ಪನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿಲ್ಲ.
ಆ ಸಾಲನ್ನು ಹಾಗೇ ಬಿಟ್ಟೆ.

ಭಾನುವಾರ ಮೇಲೆ ಹತ್ತಿ ನೋಡಿದೆ.
ಚರ್ಮ ಸುಲಿದ ಜಾಗದಲ್ಲಿ ಪೈನ್ ಮರದ ಬುಡಗಳು,
ಬೇರು ಇನ್ನೂ ನೆಲವನ್ನು ಹಿಡಿದೇ ಇವೆ.
ಅವುಗಳ ನಡುವೆ, ನೆಟ್ಟಗೆ, ಒಂದು ಕಲ್ಲಿನ ಗೋಡೆ.
ಅದನ್ನು ಕಟ್ಟಿದವರು ಈ ಜವುಗು ಕಂಡವರಲ್ಲ;
ಅವರಿಗಿದು ಒಣನೆಲ, ಹೊಲ,
ಮಕ್ಕಳನ್ನು ಬರಿಗಾಲಲ್ಲಿ ಓಡಲು ಬಿಟ್ಟ ಜಾಗ.
ಮಳೆ ಹೆಚ್ಚುತ್ತಿದೆಯೆಂದು ಅವರಿಗೆ
ಯಾವ ವರ್ಷ ಅನಿಸಿತೋ!

ಮನೆಗೆ ಬಂದು ಖಾಲಿ ಸಾಲಿನ ಅಂಚಿನಲ್ಲಿ
ಅಪ್ಪನ ಪೆನ್ಸಿಲಿನಿಂದ ಬರೆದೆ:
ಗೋಡೆ. ಸೊಂಟದೆತ್ತರ. ಒಂದು ಕಡೆ
ಕುರಿ ದಾಟುವಷ್ಟು ಸಂದು ಬಿಟ್ಟಿದ್ದಾರೆ.

ಸೋಮವಾರ ೩.೧.
ಮಂಗಳವಾರ ೬.೪. ಕಾಡುಕಾಗೆ ಗೋಡೆಯ ಮೇಲೆ ಕೂತಿತ್ತು.