ಆಡಿನ ದೊಡ್ಡಿ

ಯಾಕಿ ಕಣಿವೆಯಲ್ಲಿ ಗೋಧಿ ಮೊಣಕಾಲುದ್ದ.
ಕಾಲುವೆಯ ಏರಿ ಮೇಲೆ ನಿಂತು
ಯಾದಿರಾ ಫೋನು ಚಾಚಿದಳು:
"ನೋಡಿ, ದೋನ್ಯಾ ಒಬ್ದುಲಿಯಾ, ಇದು ನಿಮ್ಮ ಹೊಲ.
ಮೊನ್ನೆ ಮಂಗಳವಾರ ಹತ್ತೂವರೆಗೆ
ಉಪಗ್ರಹ ಹಾದುಹೋಗುವಾಗ ಕಂಡದ್ದು."

ಮೊನ್ನೆ ಮಂಗಳವಾರ ಹತ್ತೂವರೆಗೆ
ಇದೇ ಏರಿ ಮೇಲೆ ಕೂತು
ಬೂಟಿನೊಳಗಿನ ಕಲ್ಲು ಕೊಡವುತ್ತಿದ್ದೆ.
"ನಾನು ಕಾಣುತ್ತೀನಾ?"
"ಇಲ್ಲ. ಹತ್ತು ಮೀಟರಿಗೊಂದು ಚೌಕ.
ನೀವು ಅದರೊಳಗೆ ಕರಗಿದ್ದೀರಿ."

ಹೊಲ ಹಳೇ ಕೌದಿಯ ಹಾಗಿತ್ತು.
ಹಳದಿ, ಎಳೆಹಸಿರು, ನಡುನಡುವೆ ಕೆಂಪು ತೇಪೆ:
ಅಲ್ಲಿ ಹಸಿವು, ಇಲ್ಲಿ ಅರೆಹೊಟ್ಟೆ.
ಈಶಾನ್ಯದ ಮೂಲೆಯಲ್ಲಿ ಮಾತ್ರ ಕಡುಹಸಿರು,
ಮೂರು ಚೌಕ ಉದ್ದ, ಎರಡು ಚೌಕ ಅಗಲ.

"ಇಲ್ಲಿ ಯೂರಿಯಾ ಎರಡು ಸಲ ಬಿತ್ತೇನೋ?"
ಮೈದುನ ನೆಮೆಸಿಯೊ ಟ್ರಾಕ್ಟರಿನಿಂದ ಇಳಿದೇ ಬಂದ,
ತನ್ನ ಕೈ ಅಂಥದ್ದಲ್ಲ ಎಂದು ಮುನಿಸಿಕೊಂಡು.

ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.
ಅದು ನನ್ನ ಅತ್ತೆಯ ಆಡಿನ ದೊಡ್ಡಿ.
ನಲವತ್ತಾರು ಆಡು, ಒಂದು ಕುಂಟ ಹೋತ,
ಮೆಸ್ಕೀಟ್ ಮುಳ್ಳಿನ ಬೇಲಿ.
ನಾನು ಮದುವೆಯಾಗಿ ಬಂದ ವರ್ಷವೇ ಮಾರಿದರು,
ಬೇಲಿ ಕಿತ್ತು ಒಲೆಗೆ ಹಾಕಿ, ಉತ್ತು, ನೀರು ಬಿಟ್ಟು
ಅದೂ ಹೊಲವಾಗಿ ಮೂವತ್ತೊಂದು ವರ್ಷ.
ಅತ್ತೆಗೆ ಲೆಕ್ಕ ಬರುತ್ತಿರಲಿಲ್ಲ.
ಇಷ್ಟು ಕೂಡಿಟ್ಟಿದ್ದಾಳೆಂದು ಅವಳಿಗೂ ಗೊತ್ತಿರಲಿಲ್ಲ.

ಮೂವತ್ತೊಂದು ವರ್ಷ
ಆ ಮೂಲೆಗೂ ಚೀಲ ಬಿಚ್ಚಿ ಸುರಿದೆವು,
ಉಂಡೆದ್ದವರನ್ನೇ ಮತ್ತೆ ಪಂಕ್ತಿಗೆ ಕೂರಿಸಿದಂತೆ.
ಮೂಲೆ ಚಿಕ್ಕದು, ನಿಜ;
ಆದರೆ ತೇಗುತ್ತಿದ್ದ ಜಾಗ ಹೊಲದ ತುಂಬ ಇದ್ದವು.
ಬೇಡವಾದದ್ದು ಕಾಲುವೆಗೆ, ಕಾಲುವೆಯಿಂದ ಕಡಲಿಗೆ.
ತಮ್ಮ ಫೌಸ್ತೀನೊ ಬಲೆ ಎತ್ತುವಾಗ
ಸೀಗಡಿಯ ಬದಲು ಹಸಿರು ಲೋಳೆ ಬಂತೆಂದು
ಯಾರಿಗೋ ಬೈಯುತ್ತಿದ್ದನಲ್ಲ,
ಆ ಬೈಗುಳದ ರಸೀದಿ
ನನ್ನ ಪೆಟ್ಟಿಗೆಯಲ್ಲೇ ಇತ್ತು.

ಈ ಸಲ ಹದಿನೇಳು ಚೀಲ ಕಡಿಮೆ.
ಗೊಬ್ಬರದಂಗಡಿಯವನು ಚೀಟಿ ನೋಡಿ, ನನ್ನ ನೋಡಿ,
"ಹೊಲ ಮಾರಿದಿರಾ?" ಅಂದ.

ಆಕಾಶದ ಮಾತನ್ನು ನೆಮೆಸಿಯೊ ಇನ್ನೂ ನಂಬಿಲ್ಲ.
ಯಾದಿರಾ ಬಂದರೆ ಹ್ಯಾಟು ಕೆಳಗೆಳೆದುಕೊಳ್ಳುತ್ತಾನೆ.
ಆದರೂ ಆ ಮೂಲೆ ಬಂದಾಗ
ಗೊಬ್ಬರದ ಬಾಯಿ ಮುಚ್ಚಿ
ಟ್ರಾಕ್ಟರನ್ನು ತುಸು ನಿಧಾನ ಮಾಡುತ್ತಾನೆ,
ಆಡು ಅಡ್ಡ ಬಂದಾವೆಂಬಂತೆ.