ಆಯ್ಕೆ ಮೂರು, ಪುಟ ಹದಿನೇಳು

ಹೆಲ್ಸಿಂಕಿಯಲ್ಲಿ ನವೆಂಬರ್. ಒಂಬತ್ತಾದರೂ
ದೀಪ ಆರಿಸುವ ಹಾಗಿಲ್ಲ.
ಸಚಿವಾಲಯದ ನಾಲ್ಕನೇ ಮಹಡಿಯಲ್ಲಿ ನಾನು,
ಓಸ್ಮೋ ಕಿವಿಯಾರ್ವಿ, ಕರಡು ತಿದ್ದುವವನು.
ನೀತಿ ನನ್ನದಲ್ಲ, ಕಾಗುಣಿತ ನನ್ನದು.
ಯಾರು ಬರಬೇಕು, ಯಾರು ಬರಕೂಡದು
ಎಂದು ಬರೆಯುವವರು ಬೇರೆ;
ಅಕ್ಷರದ ನೆತ್ತಿಯ ಎರಡು ಚುಕ್ಕಿ ಬಿಟ್ಟುಹೋದರೆ
ಹುಡುಕಿ ತಂದು ಕೂರಿಸುವುದು ನಾನು.

ಇವತ್ತಿನ ಕಡತ: ವಲಸೆ. ಮುಂದಿನ ಹತ್ತು ವರ್ಷ.
ನಾಲ್ಕು ಆಯ್ಕೆ.

ಮೊದಲನೆಯದು ಬಾಗಿಲು ಹಾಕುವುದು.
ಎಲ್ಲ ಪುಟ್ಟ ಪುಟ್ಟ ವಾಕ್ಯ, ಒಂದೂ ತಪ್ಪಿಲ್ಲ,
ಉಸಿರು ಬಿಗಿಹಿಡಿದು ಬರೆದದ್ದು.
ಬರೆದ ರಾಯಿಲಿ ಕೆಟ್ಟವಳಲ್ಲ.
ಅವಳೂರಿನ ಹೆರಿಗೆ ವಾರ್ಡು ಮುಚ್ಚಿತು, ಆಮೇಲೆ ಶಾಲೆ,
ಆಮೇಲೆ ಬಸ್ಸು.
ಕಳೆದುಕೊಂಡದ್ದನ್ನು ಯಾರ ಜೇಬಿನಲ್ಲಿ ಹುಡುಕಬೇಕೋ
ಅವಳಿಗೂ ಗೊತ್ತಿಲ್ಲ.

ಎರಡನೆಯದು ಅಂಕಪಟ್ಟಿ:
ವಯಸ್ಸಿಗೆ ಇಷ್ಟು, ಭಾಷೆಗೆ ಇಷ್ಟು, ವೆಲ್ಡಿಂಗಿಗೆ ಇಷ್ಟು.
ಸುಮ್ಮನೆ ಕೂಡಿ ನೋಡಿದೆ.
ನನಗೆ ಬಂದದ್ದು ನಲವತ್ತೊಂದು.
ಅರವತ್ತಾದರೂ ಬೇಕಂತೆ.

ನಾಲ್ಕನೆಯದು ಪ್ರತಿ ಕಡತದಲ್ಲೂ ಇರುವಂಥದ್ದೇ,
'ಈಗಿರುವಂತೆಯೇ ಇರಲಿ.'
ಅಡ್ಡಗೋಡೆಯ ಮೇಲೆ ದೀಪ. ಎಣ್ಣೆ ಯಾರದೋ.

ಮೂರನೆಯದನ್ನು ಕೊನೆಗಿಟ್ಟುಕೊಂಡು ಊಟಕ್ಕಿಳಿದೆ.
ಗುರುವಾರ, ಬಟಾಣಿ ಸೂಪು.
ಸೌಟು ಹಿಡಿದವಳು ಲುವಾಮ್. ಎರಿಟ್ರಿಯಾದವಳು.
ಮಗಳು ಸೆನಾಯಿತ್ ಕಂಪಾಲಾದಲ್ಲಿ, ಚಿಕ್ಕಮ್ಮನ ಬಳಿ.
ದಿನಕ್ಕೊಂದು ವ್ಯಾಕರಣ ಕೇಳುತ್ತಾಳೆ ನನ್ನನ್ನು:
"ಬರುತ್ತಿದ್ದಾಳೆ ಅನ್ನಲು ನಿಮ್ಮಲ್ಲಿ 'ತುಲೇ'.
ಮುಂದೆ ಬರುವಳು ಅನ್ನಲು?"
ಅದಕ್ಕೂ ತುಲೇ, ಅಂದೆ.
ನಮ್ಮ ಭಾಷೆಗೆ ಭವಿಷ್ಯತ್ಕಾಲವಿಲ್ಲ.
ಸೌಟು ಪಾತ್ರೆಯ ಮೇಲೇ ನಿಂತಿತು.
"ಹಾಗಾದರೆ ನಾಲ್ಕು ವರ್ಷದಿಂದ
ನನ್ನ ಮಗಳು ಬರುತ್ತಲೇ ಇದ್ದಾಳೆ" ಎಂದು ನಕ್ಕಳು.
ಹಿಂದೆ ಸಾಲು ಬೆಳೆಯುತ್ತಿತ್ತು.

ಪುಟ ಹದಿನೇಳು:
'ಮೂರು ವರ್ಷ ಇಲ್ಲಿ ನೆಲೆಸಿರುವ ಕೆಲಸಗಾರರು ಮತ್ತು ಅವರ ಮಕ್ಕಳು.'
ಮೂರು ವರ್ಷ ಕೆಲಸಗಾರರಿಗೆ ಮಾತ್ರವೋ,
ಮಕ್ಕಳಿಗೂ ಸೇರಿಯೋ?
ಸೇರಿ ಅಂದರೆ, ಬರಬೇಕಾದ ಮಗು
ಬರುವ ಮೊದಲೇ ಬಂದಿರಬೇಕು.
'ಕೆಲಸಗಾರರು' ಆದಮೇಲೆ ಒಂದು ಅಲ್ಪವಿರಾಮ ಬಿದ್ದರೆ
ಮಕ್ಕಳು ಆ ಮೂರು ವರ್ಷದಿಂದ ಹೊರಕ್ಕೆ,
ಅಂದರೆ ದೇಶದೊಳಕ್ಕೆ.
ಕಾನೂನು ವಿಭಾಗಕ್ಕೆ ಫೋನು ಮಾಡಿದೆ.
"ಅದು ಶೈಲಿಯ ವಿಷಯ, ನಿಮ್ಮಿಷ್ಟ" ಎಂದು ಇಟ್ಟರು.

ನನ್ನಿಷ್ಟ.

ನಲವತ್ತನಾಲ್ಕರ ಶರತ್ಕಾಲ, ಗಡಿ ಇತ್ತ ಸರಿದಾಗ
ಅಜ್ಜಿ ಇಂಪಿ ಕರೇಲಿಯಾದಿಂದ
ಒಂದು ಹಸು ಹೊಡೆದುಕೊಂಡು ಬಂದವಳು.
ಸರಕಾರ ಯಾರದೋ ಮನೆಯಲ್ಲಿ ಅರ್ಧ ಕೋಣೆ ಬರೆದುಕೊಟ್ಟಿತು.
ಮನೆಯವರು ಅಡುಗೆಮನೆಯ ನೆಲಕ್ಕೆ
ಸೀಮೆಸುಣ್ಣದ ಗೆರೆ ಎಳೆದರು:
ಒಲೆ ಆಚೆ, ಇಂಪಿ ಈಚೆ.
ಎರಡು ವರ್ಷಕ್ಕೆ ಆ ಮನೆಯ ಮಗನನ್ನೇ ಕಟ್ಟಿಕೊಂಡಳು.
ಗೆರೆ ಅಳಿಸಿದ್ದು ನಾನು ಅಂತ ಅಜ್ಜ, ನಾನು ಅಂತ ಅಜ್ಜಿ,
ಸಾಯುವ ತನಕ ಜಗಳ.
ಹಸುವಿನ ಗೊರಸಿರಬೇಕು ಅಂತ
ನಮ್ಮಪ್ಪನ ಊಹೆ.

ಮೂರೂವರೆಗೆ ಮತ್ತೆ ಕತ್ತಲಾಯಿತು.
ಟ್ರಾಮುಗಳ ಕಿಟಕಿಯಲ್ಲಿ ಹಳದಿ ಮುಖಗಳು.
ಪೆನ್ಸಿಲ್ ಚೂಪು ಮಾಡಿದೆ, ಬೇಕಿರಲಿಲ್ಲ, ಆದರೂ ಮಾಡಿದೆ.
ಎಳ್ಳುಕಾಳಿಗೆ ಬಾಲ ಬಂದಂತೆ
ಒಂದು ಗುರುತು.
ಕಡತ ಮೇಲಕ್ಕೆ ಹೋಯಿತು. ಅಲ್ಲಿ
ಅಳಿಸಬಲ್ಲ ಕೈಗಳು ಹನ್ನೊಂದು.
ನಾಲ್ಕರಲ್ಲಿ ಯಾವುದನ್ನು ಆರಿಸುತ್ತಾರೋ,
ಆರಿಸಿದರೂ ಯಾವ ಸರಕಾರ ಉಳಿದಿರುತ್ತದೋ.

ಮುಂದಿನ ಗುರುವಾರ ಲುವಾಮಳಿಗೆ
ಏನೂ ಹೇಳಲಿಲ್ಲ.
ಸೂಪಿಗೆ ಸಾಸಿವೆ ಹಾಕಲೇ ಎಂದಳು.
ಹಾಕು, ಅಂದೆ,
ಇನ್ನೂ ಸ್ವಲ್ಪ.